ಲಿನಕ್ಸ್ ಒಂದೇ ಆದರೆ ಪ್ರಮಾಣಪತ್ರ ಕೆಲವಕ್ಕೇ ಏಕೆ?

ಪ್ರಶ್ನೆ: ಎಲ್ಲ ಲಿನಕ್ಸ್‌ಗಳ ಕರ್ನೆಲ್ ಒಂದೇ ಅಲ್ಲವೇ? ಹಾಗಿದ್ದರೂ ಒರಾಕಲ್ ಡೇಟಾಬೇಸ್ ಕೆಲವು ಲಿನಕ್ಸ್‌ಗಳಿಗೆ ಮಾತ್ರ ಪ್ರಮಾಣಿತ ಏಕೆ?

ಉತ್ತರ: ಕರ್ನೆಲ್‌ನ ಮೂಲ ಒಂದೇ. ಆದರೆ ಅದರ ಆವೃತ್ತಿ, ಜಿಲಿಬ್‌ಸಿಯಂಥ ಲೈಬ್ರರಿಗಳ ಆವೃತ್ತಿ ಒಂದೊಂದು ಲಿನಕ್ಸ್‌ನಲ್ಲಿ ಒಂದೊಂದು. ಹೊಸ ಜಿಲಿಬ್‌ಸಿಯ ಜೊತೆ ಸಿದ್ಧಪಡಿಸಿದ ತಂತ್ರಾಂಶ ಹಳೆಯದರ ಮೇಲೆ ಎಷ್ಟೋ ಸಲ ಶುರುವಾಗುವುದೇ ಇಲ್ಲ. ಎಲ್ಲವನ್ನೂ ಪರೀಕ್ಷಿಸುವುದು ಯಾವ ಕಂಪನಿಗೂ ಆಗದ ಕೆಲಸ. ಹಾಗಾಗಿ ಒರಾಕಲ್ ಮುಖ್ಯವಾಗಿ ತನ್ನದೇ ಒರಾಕಲ್ ಲಿನಕ್ಸ್, ರೆಡ್ ಹ್ಯಾಟ್ ಮತ್ತು ಸೂಸೆಯ ಎಂಟರ್‌ಪ್ರೈಸ್ ಆವೃತ್ತಿಗಳನ್ನು ಆರಿಸಿಕೊಂಡಿದೆ. ರೆಡ್ ಹ್ಯಾಟ್ ತನ್ನ ಪ್ರಧಾನ ಆವೃತ್ತಿಯೊಂದನ್ನು 10 ವರ್ಷ ನೋಡಿಕೊಳ್ಳುತ್ತದೆ. ನಡುವೆ ಒಳಗಿನ ಮುಖ್ಯ ಲೈಬ್ರರಿಗಳ ಹೊಂದಾಣಿಕೆ ಕೆಡದಂತೆ ಕಾಯುತ್ತದೆ. ಒಮ್ಮೆ ಮಾಡಿದ ಪರೀಕ್ಷೆಗೆ ಬೆಲೆ ಉಳಿಯುವುದು ಅದರಿಂದಲೇ.

ರೆಡ್ ಹ್ಯಾಟ್‌ನ ಮೂಲಸಂಕೇತದಿಂದಲೇ ಹುಟ್ಟಿದ ಸೆಂಟ್‌ಓಎಸ್ ಮೇಲೂ ಒರಾಕಲ್ ಓಡುತ್ತಿತ್ತು, ಪ್ರಮಾಣಪತ್ರವಿಲ್ಲದೆ. ಓಡುವುದು ಬೇರೆ, ನಡುರಾತ್ರಿ ಡೇಟಾಬೇಸ್ ಕುಸಿದಾಗ ಕಂಪನಿ ಜವಾಬ್ದಾರಿ ಹೊರುವುದು ಬೇರೆ. ನನ್ನ ದೃಷ್ಟಿಯಲ್ಲಿ ಪ್ರಮಾಣಪತ್ರದ ನಿಜವಾದ ಅರ್ಥ ಆ ಜವಾಬ್ದಾರಿಯೇ. ಸೆಂಟ್‌ಓಎಸ್ 8ರ ಬೆಂಬಲವಂತೂ 2021ರ ಡಿಸೆಂಬರ್‌ನಲ್ಲೇ ನಿಂತುಹೋಯಿತು.

ಕಲಿಯಲು ಯಾವ ಲಿನಕ್ಸ್ ಆದರೂ ಸರಿ. ಜನರ ಹಣ, ಆರೋಗ್ಯದ ದಾಖಲೆಗಳಿರುವ ಕಡೆ ಮಾತ್ರ ಪ್ರಮಾಣಿತ ಪಟ್ಟಿಯನ್ನು ನೋಡಿಯೇ ಆರಿಸಿ. ಆ ಪಟ್ಟಿಯಲ್ಲಿರುವ ಒರಾಕಲ್ ಲಿನಕ್ಸನ್ನು ಹಣ ಕೊಡದೆಯೇ ಇಳಿಸಿಕೊಂಡು ಬಳಸಬಹುದು.