ಗಣಕಯಂತ್ರದಲ್ಲಿ ಬೆಂಕಿ ಮತ್ತು ಹೊಗೆ: ಸೃಷ್ಟಿಯ ವಿಧಾನ, ವೆಚ್ಚದ ಲೆಕ್ಕ

ಗಾಳಿಯಾಡದ ಕೋಣೆಯಲ್ಲಿ ಊದುಬತ್ತಿಯೊಂದನ್ನು ಹಚ್ಚಿಟ್ಟರೆ, ಅದರ ತುದಿಯಿಂದ ಏಳುವ ಹೊಗೆ ಮೊದಲು ದಾರದಂತೆ ನೇರವಾಗಿ ಮೇಲೇರುತ್ತದೆ. ಒಂದು ಎತ್ತರವನ್ನು ತಲುಪಿದ ನಂತರ ಇದ್ದಕ್ಕಿದ್ದಂತೆ ಓಲಾಡಿ, ಸುರುಳಿ ಸುರುಳಿಯಾಗಿ ಒಡೆದು ಹರಡುತ್ತದೆ. ನೋಡಲು ಇಷ್ಟು ಸರಳವಾದ ಈ ದೃಶ್ಯವನ್ನು ಗಣಕಯಂತ್ರದಲ್ಲಿ ನೈಜವಾಗಿ ಮೂಡಿಸುವುದು ಆನಿಮೇಷನ್ ಉದ್ಯಮದ ಶ್ರಮದಾಯಕ ಹಾಗೂ ದುಬಾರಿ ಕೆಲಸಗಳಲ್ಲೊಂದು. ತಮ್ಮ ಉತ್ಪನ್ನಕ್ಕೆ ಜಾಹೀರಾತು ಚಿತ್ರ ಮಾಡಿಸಲು ಹೊರಟ ಊದುಬತ್ತಿ ತಯಾರಕರೊಬ್ಬರಿಗೆ, ಪೊಟ್ಟಣವನ್ನು ತಿರುಗಿಸಿ ತೋರಿಸುವ ದೃಶ್ಯಕ್ಕಿಂತ ಒಂದು ಎಳೆ ಹೊಗೆಯನ್ನು ತೋರಿಸುವ ದೃಶ್ಯಕ್ಕೆ ಹೆಚ್ಚಿನ ದರವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆ ದರದ ಹಿಂದಿರುವ ಕಾರಣವನ್ನು ಅರಿತವರು ಎಲ್ಲಿ ಹಣ ತೊಡಗಿಸಬೇಕು, ಎಲ್ಲಿ ಉಳಿಸಬಹುದು ಎಂಬುದನ್ನು ತಾವೇ ನಿರ್ಧರಿಸಬಲ್ಲರು.

ಮೇಲ್ಮೈ ಇಲ್ಲದ ವಸ್ತು

ಪೊಟ್ಟಣ, ಬಾಟಲಿ, ಯಂತ್ರದ ಬಿಡಿಭಾಗ ಮುಂತಾದವುಗಳಿಗೆ ಖಚಿತವಾದ ಮೇಲ್ಮೈ ಇರುತ್ತದೆ. ಅದನ್ನು ಒಮ್ಮೆ ಗಣಕದಲ್ಲಿ ರೂಪಿಸಿಟ್ಟರೆ ಬೇಕಾದ ಕೋನದಿಂದ, ಬೇಕಾದ ಬೆಳಕಿನಲ್ಲಿ, ಎಷ್ಟು ಬಾರಿಯಾದರೂ ತೋರಿಸಬಹುದು. ಬೆಂಕಿ ಮತ್ತು ಹೊಗೆಗಳಿಗೆ ಅಂತಹ ಮೇಲ್ಮೈಯೇ ಇಲ್ಲ. ಅವುಗಳ ಅಂಚು ಎಲ್ಲಿ ಮುಗಿಯುತ್ತದೆಂದು ಹೇಳಲಾಗದು. ಈ ಕ್ಷಣದ ಆಕಾರ ಮರುಕ್ಷಣಕ್ಕೆ ಉಳಿಯದು. ಆದುದರಿಂದ ಅವುಗಳನ್ನು ಗಣಕಯಂತ್ರದಲ್ಲಿ 'ಚಿತ್ರಿಸುವ' ಬದಲು 'ಲೆಕ್ಕ ಹಾಕುವ' ಮಾರ್ಗವನ್ನು ತಂತ್ರಜ್ಞರು ಹಿಡಿಯಬೇಕಾಯಿತು.

ಈ ದಿಕ್ಕಿನ ಪ್ರಸಿದ್ಧ ಆರಂಭಿಕ ಪ್ರಯತ್ನವು 1982ರಲ್ಲಿ ತೆರೆಕಂಡ ಅಮೆರಿಕದ 'ಸ್ಟಾರ್ ಟ್ರೆಕ್' ಸರಣಿಯ ಎರಡನೆಯ ಚಲನಚಿತ್ರದಲ್ಲಿ ಕಾಣಿಸಿಕೊಂಡಿತು. ನಿರ್ಜೀವ ಗ್ರಹವೊಂದನ್ನು ಬೆಂಕಿಯ ಗೋಡೆಯೊಂದು ಆವರಿಸಿಕೊಳ್ಳುವ ದೃಶ್ಯಕ್ಕಾಗಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ವಿಲಿಯಂ ರೀವ್ಸ್ ಅವರು ಕಣಗಳ ವ್ಯವಸ್ಥೆಯನ್ನು ರೂಪಿಸಿ, 1983ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಇದರಲ್ಲಿ ಬೆಂಕಿಯೆಂದರೆ ಅಸಂಖ್ಯ ಕಿಡಿಗಳ ಸಮೂಹ. ಪ್ರತಿಯೊಂದು ಕಣಕ್ಕೂ ಹುಟ್ಟುವ ಸ್ಥಳ, ವೇಗ, ಬಣ್ಣ ಹಾಗೂ ಆಯುಷ್ಯಗಳು ನಿಗದಿಯಾಗಿರುತ್ತವೆ. ಆಯುಷ್ಯ ಮುಗಿದ ಕಣ ಅಳಿಯುತ್ತದೆ, ಹೊಸದು ಹುಟ್ಟುತ್ತದೆ. ಕಿಡಿ, ಧೂಳು, ಪಟಾಕಿಯ ಸಿಡಿತಗಳಿಗೆ ಈ ವಿಧಾನವನ್ನು ಇಂದಿಗೂ ಬಳಸಲಾಗುತ್ತದೆ. ಅದರ ವೆಚ್ಚವೂ ಕಡಿಮೆ. ಆದರೆ ಇಲ್ಲಿ ಒಂದು ಕಣಕ್ಕೆ ಪಕ್ಕದ ಕಣದ ಅರಿವಿಲ್ಲ. ನಿಜವಾದ ಹೊಗೆಯಲ್ಲಿ ಗಾಳಿಯು ಗಾಳಿಯನ್ನು ತಳ್ಳುತ್ತದೆ. ಸುರುಳಿಗಳು ಹುಟ್ಟುವುದೇ ಆ ತಳ್ಳಾಟದಿಂದ.

ಗಾಳಿಯ ಲೆಕ್ಕ

ದ್ರವ ಮತ್ತು ಅನಿಲಗಳ ಚಲನೆಯನ್ನು ವಿವರಿಸುವ ಸಮೀಕರಣಗಳು ಹೊಸವಲ್ಲ. ಫ್ರಾನ್ಸಿನ ನೇವಿಯರ್ 1822ರಲ್ಲಿ, ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿ ಅವುಗಳನ್ನು ಮಂಡಿಸಿದರು. ವಿಮಾನದ ರೆಕ್ಕೆಯಿಂದ ಹಿಡಿದು ಹವಾಮಾನ ಮುನ್ಸೂಚನೆಯವರೆಗೆ ಎಲ್ಲಕ್ಕೂ ಇವೇ ಆಧಾರ. ಗಣಕದಲ್ಲಿ ಇವುಗಳನ್ನು ಬಿಡಿಸಲು, ಹೊಗೆ ಹರಡಬೇಕಾದ ಜಾಗವನ್ನು ಸಕ್ಕರೆಯ ಗಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಚಿಕ್ಕ ಚಿಕ್ಕ ಘನಾಕೃತಿಯ ಕೋಶಗಳಾಗಿ ವಿಭಜಿಸಲಾಗುತ್ತದೆ. ಪ್ರತಿಯೊಂದು ಕೋಶದಲ್ಲಿಯೂ ಗಾಳಿಯ ವೇಗ, ಒತ್ತಡ, ಉಷ್ಣತೆ, ಹೊಗೆಯ ಸಾಂದ್ರತೆ ಎಷ್ಟೆಂಬುದನ್ನು ಬರೆದಿಟ್ಟು, ಕ್ಷಣಕ್ಷಣಕ್ಕೂ ಹೊಸ ಲೆಕ್ಕ ಮಾಡಲಾಗುತ್ತದೆ. ಬಿಸಿಯಾದ ಕೋಶದ ಗಾಳಿ ಹಗುರವಾಗಿ ಮೇಲೇರುತ್ತದೆ. ತೆರವಾದ ಸ್ಥಳಕ್ಕೆ ಪಕ್ಕದ ಗಾಳಿ ನುಗ್ಗುತ್ತದೆ. ಹೀಗೆ ಸುರುಳಿಗಳು ತಾವಾಗಿಯೇ ಮೂಡುತ್ತವೆ.

ಬಹುಕಾಲ ಇದಕ್ಕೊಂದು ದೊಡ್ಡ ಅಡ್ಡಿಯಿತ್ತು. ಲೆಕ್ಕದ ಹೆಜ್ಜೆಗಳು ಅತಿ ಚಿಕ್ಕದಾಗಿರದಿದ್ದರೆ ಅಂಕಿಗಳು ಹಿಡಿತ ತಪ್ಪಿ ಬೆಳೆದು, ಹೊಗೆಯ ಬದಲು ಅರ್ಥಹೀನವಾದ ಫಲಿತಾಂಶ ಬರುತ್ತಿತ್ತು. 1999ರಲ್ಲಿ ಜೋಸ್ ಸ್ಟಾಮ್ ಅವರು ಪ್ರಕಟಿಸಿದ ವಿಧಾನವು ಈ ಅಡ್ಡಿಯನ್ನು ನಿವಾರಿಸಿತು. 'ಈ ಕೋಶದ ಗಾಳಿ ಮುಂದೆ ಎಲ್ಲಿಗೆ ಹೋಗುವುದು' ಎಂದು ಕೇಳುವ ಬದಲು, 'ಈಗ ಈ ಕೋಶದಲ್ಲಿರುವ ಗಾಳಿ ಒಂದು ಕ್ಷಣದ ಹಿಂದೆ ಎಲ್ಲಿತ್ತು' ಎಂದು ಹಿಮ್ಮುಖವಾಗಿ ಹುಡುಕುವುದೇ ಅದರ ಸಾರ. ಹೀಗೆ ಮಾಡಿದಾಗ ಹೊಸ ಅಂಕಿಯು ಹಳೆಯ ಅಂಕಿಗಳ ಮಿತಿಯನ್ನು ಮೀರಲಾರದು. ಲೆಕ್ಕವು ಸ್ಥಿರವಾಗಿ ನಿಲ್ಲುತ್ತದೆ. ಆದರೆ ಇದರಿಂದ ಸಣ್ಣ ಸುರುಳಿಗಳು ಮಸುಕಾಗುತ್ತಿದ್ದವು. 2001ರಲ್ಲಿ ರೊನಾಲ್ಡ್ ಫೆಡ್ಕಿವ್, ಸ್ಟಾಮ್ ಮತ್ತು ಹೆನ್ರಿಕ್ ವಾನ್ ಜೆನ್ಸನ್ ಅವರು, ಸುರುಳಿ ಕಳೆದುಹೋಗುತ್ತಿರುವ ಸ್ಥಳಗಳನ್ನು ಗುರುತಿಸಿ ಅಲ್ಲಿಗೆ ತಿರುಗುವಿಕೆಯನ್ನು ಮರಳಿ ಸೇರಿಸುವ ಕ್ರಮವನ್ನು ಹೊಗೆಯ ಚಿತ್ರಣಕ್ಕೆ ಅಳವಡಿಸಿದರು. ಇಂದಿನ ತಂತ್ರಾಂಶಗಳು ಹೆಚ್ಚು ನಿಖರವಾದ ಕ್ರಮಗಳನ್ನು ಹೊಂದಿದ್ದರೂ ಈ ಎರಡು ವಿಚಾರಗಳು ಅವುಗಳಿಗೆ ತಳಹದಿಯಾಗಿವೆ.

ಜ್ವಾಲೆಯ ಬಣ್ಣ ಮತ್ತು ಗತಿ

ಹೊಗೆಗೆ ಚಲನೆಯ ಲೆಕ್ಕವೊಂದಿದ್ದರೆ ಬಹುಮಟ್ಟಿಗೆ ಸಾಕು. ಬೆಂಕಿಗೆ ಇಂಧನ ಮತ್ತು ದಹನಗಳ ಲೆಕ್ಕವೂ ಬೇಕು. ಎಣ್ಣೆಯ ದೀಪದ ಹಳದಿ ಬೆಳಕು ವಾಸ್ತವವಾಗಿ ಪೂರ್ಣವಾಗಿ ಉರಿಯದ ಇಂಗಾಲದ ಸೂಕ್ಷ್ಮ ಕಣಗಳು, ಅಂದರೆ ಮಸಿಯ ಕಣಗಳು, ಕಾದು ಹೊಳೆಯುವುದರಿಂದ ಬರುವಂತಹುದು. ಕುಲುಮೆಯ ಕಬ್ಬಿಣದಂತೆಯೇ ಅವು ಕಾವು ಕಡಿಮೆಯಿದ್ದಾಗ ಕೆಂಪಗೆ, ಏರಿದಂತೆ ಕಿತ್ತಳೆಯಾಗಿ, ಇನ್ನೂ ಏರಿದಾಗ ಹಳದಿಯಾಗಿ ಕಾಣುತ್ತವೆ. ಅಡುಗೆ ಅನಿಲದ ಒಲೆಯಲ್ಲಿ ದಹನ ಪೂರ್ಣವಾಗಿ ಮಸಿ ಉಳಿಯದ ಕಾರಣ ಜ್ವಾಲೆ ನೀಲಿಯಾಗಿರುತ್ತದೆ. ಈ ನಿಯಮಗಳನ್ನು ಅನುಸರಿಸಿ ಪ್ರತಿ ಕೋಶದ ಉಷ್ಣತೆಯಿಂದಲೇ ಬಣ್ಣವನ್ನು ಪಡೆಯುವ ಹಾಗೂ ನೀಲಿಯ ಒಡಲನ್ನು ಬೇರೆಯಾಗಿ ಲೆಕ್ಕ ಹಾಕುವ ಪದ್ಧತಿಯನ್ನು ಫೆಡ್ಕಿವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು.

ಬಣ್ಣದಷ್ಟೇ ಮುಖ್ಯವಾದುದು ಗತಿ. ಜ್ವಾಲೆ ಚಿಕ್ಕದಾದಷ್ಟೂ ಬೇಗ ಮಿಡಿಯುತ್ತದೆ, ದೊಡ್ಡದಾದಷ್ಟೂ ನಿಧಾನ. ಒಂದು ಮೀಟರ್ ಅಗಲದ ಬೆಂಕಿ ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ಉಬ್ಬಿ ಏಳುತ್ತದೆ. ಅಗಲ ನಾಲ್ಕು ಪಟ್ಟಾದರೆ ಮಿಡಿತ ಅರ್ಧಕ್ಕಿಳಿಯುತ್ತದೆ. ಆಟಿಕೆಯ ಗಾತ್ರದ ಮಾದರಿ ಮನೆಗೆ ನಿಜವಾದ ಬೆಂಕಿಯನ್ನೇ ಹಚ್ಚಿದರೂ ಅದು ದೊಡ್ಡ ಮನೆಯಂತೆ ಕಾಣದಿರಲು ಇದೇ ಕಾರಣ. ಗಣಕದಲ್ಲಿಯೂ ದೃಶ್ಯದ ಅಳತೆಯನ್ನು ತಪ್ಪಾಗಿ ಕೊಟ್ಟರೆ ಕಾರ್ಖಾನೆಯ ಬೆಂಕಿ ಹಣತೆಯ ಜ್ವಾಲೆಯಂತೆ ತೋರುತ್ತದೆ. ಪ್ರೇಕ್ಷಕನಿಗೆ ಕಾರಣ ತಿಳಿಯದಿದ್ದರೂ ಕಣ್ಣು ಅದನ್ನು ಒಪ್ಪುವುದಿಲ್ಲ.

ವೆಚ್ಚ ಏರುವ ಬಗೆ

ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಗವನ್ನು ಒಂದು ಸೆಂಟಿಮೀಟರಿನ ಕೋಶಗಳಾಗಿ ವಿಭಜಿಸಿದರೆ 100 × 100 × 100, ಅಂದರೆ 10 ಲಕ್ಷ ಕೋಶಗಳಾಗುತ್ತವೆ. ಸುರುಳಿಗಳು ಇನ್ನಷ್ಟು ನವಿರಾಗಿರಲೆಂದು ಕೋಶದ ಅಳತೆಯನ್ನು ಅರ್ಧಕ್ಕಿಳಿಸಿದರೆ ಸಂಖ್ಯೆ ಇಮ್ಮಡಿಯಾಗುವುದಿಲ್ಲ, ಎಂಟು ಪಟ್ಟಾಗಿ 80 ಲಕ್ಷಕ್ಕೇರುತ್ತದೆ. ಮತ್ತೆ ಅರ್ಧಕ್ಕಿಳಿಸಿದರೆ 6.4 ಕೋಟಿ. ಒಂದು ಕೋಶಕ್ಕೆ ವೇಗದ ಮೂರು ಅಂಶಗಳು, ಒತ್ತಡ, ಉಷ್ಣತೆ, ಇಂಧನ, ಹೊಗೆ ಎಂಬ ಏಳು ಅಂಕಿಗಳನ್ನು ತಲಾ ನಾಲ್ಕು ಬೈಟ್‌ಗಳಂತೆ ಇಟ್ಟರೆ, ಸೆಕೆಂಡಿಗೆ 24 ಚೌಕಟ್ಟುಗಳ ಹತ್ತು ಸೆಕೆಂಡುಗಳ ದೃಶ್ಯಕ್ಕೆ ಬೇಕಾಗುವ ಸಂಗ್ರಹ ಮೊದಲನೆಯ ಮಟ್ಟದಲ್ಲಿ ಸುಮಾರು 7 ಗಿಗಾಬೈಟ್, ಎರಡನೆಯದರಲ್ಲಿ 54 ಗಿಗಾಬೈಟ್, ಮೂರನೆಯದರಲ್ಲಿ 430 ಗಿಗಾಬೈಟ್.

ಕಾಲದ ಲೆಕ್ಕ ಇದಕ್ಕಿಂತಲೂ ಕಠಿಣ. ಕೋಶ ಚಿಕ್ಕದಾದಂತೆ ಕಾಲದ ಹೆಜ್ಜೆಯನ್ನೂ ಸಾಮಾನ್ಯವಾಗಿ ಚಿಕ್ಕದು ಮಾಡಬೇಕಾಗುವುದರಿಂದ ಕೆಲಸವು ಹದಿನಾರು ಪಟ್ಟಾಗುತ್ತದೆ. ಒಂದು ಗಂಟೆಯಲ್ಲಿ ಮುಗಿಯುವ ಲೆಕ್ಕ, ನವಿರನ್ನು ಎರಡು ಬಾರಿ ಇಮ್ಮಡಿಗೊಳಿಸಿದಾಗ 256 ಗಂಟೆ, ಅಂದರೆ ಹತ್ತು ದಿನಗಳಿಗೂ ಮೀರಿ ನಡೆಯಬೇಕಾಗುತ್ತದೆ. ಆ ನಂತರ ಬೆಳಕು ಹೊಗೆಯೊಳಗೆ ಚದುರುವ ಬಗೆಯನ್ನು ಪ್ರತಿ ಚೌಕಟ್ಟಿಗೂ ಲೆಕ್ಕ ಹಾಕಬೇಕು. ಎಲ್ಲ ಮುಗಿದ ಮೇಲೆ 'ಹೊಗೆ ಸ್ವಲ್ಪ ಎಡಕ್ಕೆ ಬಾಗಲಿ' ಎಂದು ಗ್ರಾಹಕರು ಹೇಳಿದರೆ, ಚಿತ್ರವನ್ನು ತಿದ್ದಿದಂತೆ ಅದನ್ನು ತಿದ್ದಲಾಗದು. ಗಾಳಿಯ ಲೆಕ್ಕವನ್ನೇ ಮೊದಲಿನಿಂದ ಮಾಡಬೇಕು. ದರಪಟ್ಟಿಯಲ್ಲಿ ಕಾಣುವ ಮೊತ್ತದ ಬಹುಪಾಲು ಹುಟ್ಟುವುದು ಇಲ್ಲಿಯೇ.

ಉಳಿತಾಯದ ಮಾರ್ಗಗಳು

ಈ ಕಾರಣದಿಂದಲೇ ಕಳೆದ ಎರಡು ದಶಕಗಳ ಸಂಶೋಧನೆಯಲ್ಲಿ ಹೆಚ್ಚಿನದು, ಕಣ್ಣಿಗೆ ಕಾಣದ ಕಡೆ ಲೆಕ್ಕವನ್ನು ಉಳಿಸುವ ಉಪಾಯಗಳ ಅನ್ವೇಷಣೆಯಾಗಿದೆ. 2008ರಲ್ಲಿ ಪ್ರಕಟವಾದ ವೇವ್‌ಲೆಟ್ ಟರ್ಬುಲೆನ್ಸ್ ವಿಧಾನದಲ್ಲಿ ಮೊದಲು ಒರಟು ಕೋಶಗಳಲ್ಲಿ ಹೊಗೆಯ ಒಟ್ಟು ಚಲನೆಯನ್ನು ನಿರ್ಧರಿಸಿ, ನಂತರ ಅದರ ಮೇಲೆ ಸಣ್ಣ ಸುರುಳಿಗಳನ್ನು ಸೇರಿಸಲಾಗುತ್ತದೆ. ಒರಟು ರೂಪವನ್ನು ಗ್ರಾಹಕರು ಒಪ್ಪಿದ ಮೇಲೆ ನವಿರುಗೊಳಿಸಬಹುದಾದುದರಿಂದ ಇದು ವ್ಯವಹಾರಕ್ಕೂ ಅನುಕೂಲ. ಇದರ ನಿರ್ಮಾತೃಗಳಿಗೆ 2013ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು. 2009ರ ಹ್ಯಾರಿ ಪಾಟರ್ ಚಿತ್ರಕ್ಕಾಗಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ತಂತ್ರಜ್ಞರು ಕ್ಯಾಮೆರಾದ ಎದುರಿಗಿರುವ ಪದರಗಳಲ್ಲಿ ಮಾತ್ರ ಬೆಂಕಿಯನ್ನು ಅತಿ ಸೂಕ್ಷ್ಮವಾಗಿ ಲೆಕ್ಕ ಹಾಕುವ ಕ್ರಮವನ್ನು ರೂಪಿಸಿದರು. ವಿಡಿಯೋ ಆಟಗಳಿಗೆಂದು ಬೆಳೆದ ಗ್ರಾಫಿಕ್ಸ್ ಚಿಪ್ಪುಗಳೇ ಇದಕ್ಕೆ ಬಳಕೆಯಾದವು. ಹೊಗೆಯಿರುವ ಕೋಶಗಳನ್ನು ಮಾತ್ರ ಕಾದಿರಿಸಿ ಖಾಲಿ ಜಾಗವನ್ನು ಕೈಬಿಡುವ ಓಪನ್‌ವಿಡಿಬಿ ಎಂಬ ವ್ಯವಸ್ಥೆಯನ್ನು ಡ್ರೀಮ್‌ವರ್ಕ್ಸ್ ಸಂಸ್ಥೆಯು 2012ರಲ್ಲಿ ಎಲ್ಲರ ಬಳಕೆಗೆ ಮುಕ್ತಗೊಳಿಸಿತು.

ತಂತ್ರಾಂಶಗಳ ಪೈಕಿ ಕೆನಡಾದ ಹೌಡಿನಿ ಈ ಕೆಲಸಕ್ಕೆ ಹೆಸರಾಗಿದೆ. ಶುಲ್ಕವಿಲ್ಲದೆ ದೊರೆಯುವ ಬ್ಲೆಂಡರ್ ತಂತ್ರಾಂಶವು 2020ರಲ್ಲಿ ಮಂಟಾಫ್ಲೋ ಎಂಬ ಹೊಗೆ ಹಾಗೂ ಬೆಂಕಿಯ ವ್ಯವಸ್ಥೆಯನ್ನು ಅಳವಡಿಸಿಕೊಂಡ ನಂತರ, ಸಣ್ಣ ಸ್ಟುಡಿಯೋಗಳಿಗೂ ಇದು ಎಟುಕುವಂತಾಗಿದೆ. ಕರ್ನಾಟಕ ಸರ್ಕಾರವು ಆನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಕ್ಷೇತ್ರಕ್ಕಾಗಿ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತ್ತು. ವಿದೇಶೀ ಚಿತ್ರಗಳ ಕೆಲಸದಲ್ಲಿ ಪಳಗಿದ ತಂತ್ರಜ್ಞರು ಬೆಂಗಳೂರಿನಲ್ಲಿದ್ದಾರೆ. ಟೆಕ್ನಿಕಲರ್ ಸಮೂಹವು 2025ರ ಆರಂಭದಲ್ಲಿ ಕುಸಿದಾಗ ಇಲ್ಲಿನ ಅನೇಕರು ಉದ್ಯೋಗ ಕಳೆದುಕೊಂಡರು. ವಿದೇಶೀ ಆದೇಶಗಳನ್ನೇ ನೆಚ್ಚಿದ ಈ ಕ್ಷೇತ್ರಕ್ಕೆ ಸ್ಥಳೀಯ ಗ್ರಾಹಕರೂ ಬೇಕೆಂಬುದನ್ನು ಆ ಘಟನೆ ತೋರಿಸಿತು.

ನಿಜವಾದ ಬೆಂಕಿಯ ಬೆಲೆ

ಇಷ್ಟೆಲ್ಲ ವೆಚ್ಚ ಮಾಡುವ ಬದಲು ನಿಜವಾದ ಬೆಂಕಿಯನ್ನೇ ಚಿತ್ರೀಕರಿಸಬಾರದೇಕೆ ಎಂದು ಕೇಳಬಹುದು. ಊದುಬತ್ತಿ, ಹಣತೆ, ಒಲೆಯಂತಹ ಸಣ್ಣ ದೃಶ್ಯಗಳಿಗೆ ಅದೇ ಉತ್ತಮ ಹಾಗೂ ಅಗ್ಗದ ಮಾರ್ಗ. ಕಪ್ಪು ಹಿನ್ನೆಲೆಯ ಮುಂದೆ ಚಿತ್ರೀಕರಿಸಿದ ಹೊಗೆ ಮತ್ತು ಜ್ವಾಲೆಗಳ ಸಿದ್ಧ ಸಂಗ್ರಹಗಳೂ ಬೆಲೆಗೆ ದೊರೆಯುತ್ತವೆ. ಹೊಗೆಯು ಉತ್ಪನ್ನದ ಸುತ್ತ ಸುತ್ತಿಕೊಳ್ಳಬೇಕು, ನಿರ್ದಿಷ್ಟ ಆಕಾರ ತಾಳಬೇಕು ಎಂದಾಗ ಮಾತ್ರ ಗಣಕದ ಲೆಕ್ಕ ಅನಿವಾರ್ಯ.

ದೊಡ್ಡ ಬೆಂಕಿಯ ಮಾತು ಬೇರೆ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಸಂಭವಿಸಿದ ಅಗ್ನಿ ದುರಂತದಲ್ಲಿ 60ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಟ್ಟೆ, ಮರ, ಬಣ್ಣ, ವಿದ್ಯುತ್ ತಂತಿಗಳು ಒಟ್ಟುಗೂಡಿರುವ ಮುಚ್ಚಿದ ಆವರಣದಲ್ಲಿ ಬೆಂಕಿ ಎಷ್ಟು ನಿರ್ದಯವಾಗಬಲ್ಲದೆಂಬುದನ್ನು ಈ ನಾಡು ಅಂದು ಕಂಡಿತು. ಕಾರ್ಖಾನೆಯ ಅಗ್ನಿ ಸುರಕ್ಷತೆಯ ತರಬೇತಿ ಚಿತ್ರವಾಗಲಿ, ಕಥಾಚಿತ್ರವಾಗಲಿ, ಉರಿಯುವ ಕಟ್ಟಡವನ್ನು ತೋರಿಸಬೇಕಾದಾಗ ಗಣಕದ ಬೆಂಕಿಗೆ ಹೆಚ್ಚು ಹಣ ತೆತ್ತರೂ ಅದು ನಷ್ಟದ ವ್ಯವಹಾರವಲ್ಲ.

ಒಪ್ಪಂದಕ್ಕೆ ಮುನ್ನ

ಇಂತಹ ಕೆಲಸವನ್ನು ವಹಿಸುವ ಉದ್ಯಮಿಗಳು ಕೆಲವು ಅಂಶಗಳನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು. ಬೆಂಕಿ ಅಥವಾ ಹೊಗೆ ತೆರೆಯ ಮೇಲೆ ಎಷ್ಟು ಸೆಕೆಂಡು, ಎಷ್ಟು ದೊಡ್ಡದಾಗಿ ಕಾಣಿಸಬೇಕು? ಹಿನ್ನೆಲೆಯ ಹೊಗೆಗೆ ಸಿದ್ಧ ಚಿತ್ರಿಕೆ ಸಾಲದೆ? ಒರಟು ರೂಪವನ್ನು ಮೊದಲು ತೋರಿಸಿ ಒಪ್ಪಿಗೆ ಪಡೆಯುವ ಕ್ರಮ ಸ್ಟುಡಿಯೋದಲ್ಲಿದೆಯೇ? ಒಪ್ಪಿಗೆಯ ನಂತರ ಎಷ್ಟು ಬಾರಿ ಬದಲಾವಣೆಗೆ ಅವಕಾಶ, ಹೆಚ್ಚುವರಿ ಬದಲಾವಣೆಗೆ ದರವೆಷ್ಟು? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದಲ್ಲಿ ಇಬ್ಬರಿಗೂ ಮನಸ್ತಾಪವಿಲ್ಲ.

ಗಾಳಿಯಲ್ಲಿ ಕರಗಿಹೋಗುವ ಹೊಗೆಗೂ ಕೋಶಕೋಶದ ಲೆಕ್ಕವುಂಟು. ಆ ಲೆಕ್ಕದಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯ ಎಂಬುದನ್ನು ಕೆಲಸ ಆರಂಭವಾಗುವ ಮೊದಲೇ ನಿರ್ಧರಿಸಿಕೊಂಡ ಗ್ರಾಹಕರಿಗೆ ಕಡಿಮೆ ವೆಚ್ಚದಲ್ಲಿಯೂ ಕಣ್ಣು ಒಪ್ಪುವ ಚಿತ್ರ ದೊರೆಯಬಲ್ಲದು.