‘ಡ್ಯಾಂ 1633 ಆಗಿದೆ’ ಅಂದರೆ ಗಡ್ಡೆ ಮುಳುಗುತ್ತದೆಯೇ? ನೀರಿನ ಮಟ್ಟ ಅಳೆಯುವ ಯಂತ್ರ ಕಲಿಸುವ ಪಾಠ

“ಡ್ಯಾಂ 1633 ಆಗಿದೆ, ಗಡ್ಡೆ ಮುಳುಗುತ್ತೆ, ಎಲ್ಲರಿಗೂ ಕಳಿಸಿ.” ಮಳೆಗಾಲದಲ್ಲಿ ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರಲ್ಲಿ ದಿನಾಂಕ ಇರುವುದಿಲ್ಲ, ಸಮಯ ಇರುವುದಿಲ್ಲ, 1633 ಎಂದರೆ ಏನು ಎಂಬುದೂ ಇರುವುದಿಲ್ಲ.

ವಿರೂಪಾಪುರಗಡ್ಡೆಯಲ್ಲಿ ಈ ಭಯಕ್ಕೆ ಕಾರಣವಿದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಇಲ್ಲಿ ಸಿಲುಕಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್ ಬಳಸಿ ಹೊರತರಬೇಕಾಯಿತು. ಹಾಗಾಗಿ ಸಂಖ್ಯೆಯನ್ನು ಸರಿಯಾಗಿ ಓದುವುದು ಮುಖ್ಯ. ಅದನ್ನು ನೀರಿನ ಮಟ್ಟ ಅಳೆಯುವ ಯಂತ್ರಗಳಿಂದಲೇ ಕಲಿಯಬಹುದು.

ಯಂತ್ರಕ್ಕೆ ಪ್ರಶ್ನೆ ಕೇಳುವುದು ಹೇಗೆ?

ನೀರಿನೊಳಗಿನ ಸೆನ್ಸರ್ ಅಳೆಯುತ್ತದೆ. ದಡದ ಮೇಲಿನ ಡೇಟಾ ಲಾಗರ್ ಅದನ್ನು ದಾಖಲಿಸುತ್ತದೆ. ಇವೆರಡರ ಮಾತುಕತೆಗೆ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ನಿಯಮಾವಳಿ ‘ಎಸ್‌ಡಿಐ-12’. ಅದರಲ್ಲಿ ಲಾಗರ್ ಕಳಿಸುವ ಆದೇಶ ಹೀಗಿರುತ್ತದೆ: 0ಎಂ!

- 0 – ಯಾವ ಸೆನ್ಸರ್ ಉತ್ತರಿಸಬೇಕು ಎಂಬ ವಿಳಾಸ
- ಎಂ – ಅಳತೆ ಶುರು ಮಾಡು
- ! – ಆದೇಶ ಮುಗಿಯಿತು

ವಿಳಾಸ ತಪ್ಪಿದರೆ ಆ ಸೆನ್ಸರ್ ಸುಮ್ಮನಿರುತ್ತದೆ. ಸರಿಯಿದ್ದರೆ 00101 ಎಂದು ಉತ್ತರಿಸಬಹುದು. ಇದು ನೀರಿನ ಮಟ್ಟವಲ್ಲ! ಮೊದಲ 0 ವಿಳಾಸ, 010 ಎಂದರೆ ಹತ್ತು ಸೆಕೆಂಡು ಕಾಯಿರಿ, ಕೊನೆಯ 1 ಎಂದರೆ ಒಂದು ಅಳತೆ ಸಿಗುತ್ತದೆ. ಆಮೇಲೆ 0ಡಿ0! ಎಂದು ಕೇಳಿದಾಗ ನಿಜವಾದ ಅಳತೆ ಬರುತ್ತದೆ: 0+497.74

ಆದರೆ 497.74 ಏನು?

ಉತ್ತರದಲ್ಲಿ ಮಾನ ಇಲ್ಲ, ಸಮಯವೂ ಇಲ್ಲ. ಅವನ್ನು ಸೇರಿಸಿ ದಾಖಲಿಸುವುದು ಲಾಗರ್‌ನ ಕೆಲಸ. 497.74 ಮೀಟರ್ ಎಂದರೆ 1633 ಅಡಿ. ಅದೇ ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ. ಅಂದರೆ ‘1633’ ಎಂಬುದು ಜಲಾಶಯ ತುಂಬಿದೆ ಎಂದಷ್ಟೇ ಹೇಳುತ್ತದೆ.

ಗಡ್ಡೆಯವರು ನೋಡಬೇಕಾದ್ದು ಬೇರೆ ಸಂಖ್ಯೆ: ನದಿಗೆ ಬಿಡುತ್ತಿರುವ ಹೊರಹರಿವು. ಅದರ ಲೆಕ್ಕ ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದ ನಂತರ, ಒತ್ತಡ ತಗ್ಗಿಸಲು ಇತರ ಗೇಟುಗಳಿಂದಲೂ ನೀರು ಬಿಡಲಾಯಿತು. ಆಗ ಜಲಾಶಯದ ಮಟ್ಟ ಇಳಿಯುತ್ತಿತ್ತು, ಕೆಳಗಿನ ನದಿ ಮಾತ್ರ ತುಂಬಿ ಹರಿಯುತ್ತಿತ್ತು. ಮಟ್ಟವನ್ನಷ್ಟೇ ನೋಡಿದವರಿಗೆ ‘ಇನ್ನೇನು ಭಯವಿಲ್ಲ’ ಅನಿಸಬಹುದಿತ್ತು.

ಯಂತ್ರ ಹೇಳಿದ್ದೆಲ್ಲ ಸರಿಯೇ?

ಅಲ್ಲ. ಆದೇಶಕ್ಕೆ ‘ಸಿ’ ಸೇರಿಸಿ 0ಎಂಸಿ! ಎಂದು ಕೇಳಿದರೆ, ಅಳತೆಯ ಕೊನೆಗೆ ಮೂರು ಅಕ್ಷರಗಳ ತಪಾಸಣಾ ಸಂಕೇತ ಬರುತ್ತದೆ. ಅದು ದಾರಿಯಲ್ಲಿ ಸಂದೇಶ ಕೆಟ್ಟಿದೆಯೇ ಎಂದು ತಿಳಿಸುತ್ತದೆ. ಸೆನ್ಸರ್‌ಗೆ ಹೂಳು ಮೆತ್ತಿ ಅಳತೆಯೇ ತಪ್ಪಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆಯೇ, ನೀಟಾಗಿ ಟೈಪ್ ಮಾಡಿದ ಫಾರ್ವರ್ಡ್ ಕೂಡ ಸುಳ್ಳಾಗಿರಬಹುದು.

ಫಾರ್ವರ್ಡ್ ಮಾಡುವ ಮುನ್ನ

ಯಾವ ಜಲಾಶಯ? ಯಾವ ದಿನ, ಎಷ್ಟು ಗಂಟೆಗೆ? ಅಡಿಯೋ, ಟಿಎಂಸಿಯೋ, ಕ್ಯೂಸೆಕ್ಕೋ? ಹೇಳಿದ್ದು ಯಾರು? ಉತ್ತರ ಇಲ್ಲದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ತುಂಗಭದ್ರಾ ಮಂಡಳಿ ಅಥವಾ ಜಿಲ್ಲಾಡಳಿತದ ಪ್ರಕಟಣೆ ನೋಡಿ. ಆದರೆ ದಡ ಬಿಡಿ ಎಂದು ಅಧಿಕಾರಿಗಳು ಹೇಳಿದರೆ ಲೆಕ್ಕ ಹಾಕುತ್ತ ಕೂರಬೇಡಿ, ಮೊದಲು ಹೊರಡಿ.