ಎರಡು ವರ್ಷದ ಬಾಳು, ತೀರದ ವಾದ

ದೀರ್ಘಕಾಲ ಹಾಡಿದ ಗಾಯಕರನ್ನು ಒಂದೇ ಹಾಡಿನಿಂದ ಗುರುತಿಸುವುದು ಕಷ್ಟವೆಂಬುದನ್ನು ಎಲ್ಲರೂ ಬಲ್ಲರು. ವರ್ಷಗಳು ಕಳೆದಂತೆ ಕಂಠ ಮಾಗುತ್ತದೆ, ರುಚಿ ಬದಲಾಗುತ್ತದೆ. ಆದರೆ ಎರಡೇ ವರ್ಷ ಬಾಳಿ ಕಣ್ಮರೆಯಾದ ತಂಡವೊಂದರ ಸಾರವೆಲ್ಲ ಯಾವ ಹಾಡಿನಲ್ಲಿದೆಯೆಂದು ಹೇಳುವುದು ಸುಲಭವೆಂದೇ ಯಾರಿಗಾದರೂ ತೋರೀತು. ಅಮೆರಿಕದ 'ಆಪರೇಷನ್ ಐವಿ' ತಂಡದ ಅಭಿಮಾನಿಗಳು ಈ ಊಹೆಯನ್ನು ಸುಳ್ಳು ಮಾಡಿದ್ದಾರೆ. ತಂಡ ಒಡೆದು ಮೂರು ದಶಕಗಳಿಗೂ ಹೆಚ್ಚು ಕಾಲ ಸಂದಿದ್ದರೂ ಅವರ ವಾದ ಮುಗಿದಿಲ್ಲ.

ನಾಲ್ವರು ತರುಣರು

ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದಲ್ಲಿ, ಗಿಲ್ಮನ್ ರಸ್ತೆಯ 924ನೆಯ ಸಂಖ್ಯೆಯ ಕಟ್ಟಡದಲ್ಲಿ, 1986ರ ಕೊನೆಯ ದಿನ ಒಂದು ಸಂಗೀತಶಾಲೆ ಬಾಗಿಲು ತೆರೆಯಿತು. ಅದಕ್ಕೆ ಧಣಿಗಳಿಲ್ಲ, ಸ್ವಯಂಸೇವಕರೇ ಅದನ್ನು ನಡೆಸುವವರು. ಮದ್ಯವಿಲ್ಲ, ಹೊಡೆದಾಟವಿಲ್ಲ, ವರ್ಣದ್ವೇಷಕ್ಕೆ ಎಡೆಯಿಲ್ಲ ಎಂಬುವು ಅಲ್ಲಿಯ ನಿಯಮಗಳು. ಇಂದು ಟಿಕೆಟ್ಟು ಕೊಂಡು ಕೇಳಲು ಬಂದ ಹುಡುಗ ನಾಳೆ ಅಲ್ಲಿಯೇ ಗಿಟಾರು ಹಿಡಿದು ನಿಲ್ಲಬಹುದು.

ಇಂಥ ನೆಲದಲ್ಲಿ 1987ರಲ್ಲಿ ಈ ತಂಡ ಹುಟ್ಟಿತು. ಜೆಸ್ಸಿ ಮೈಕೆಲ್ಸ್ ಹಾಡುಗಾರ. ಟಿಮ್ ಆರ್ಮ್‌ಸ್ಟ್ರಾಂಗ್ ಗಿಟಾರು. ಮ್ಯಾಟ್ ಫ್ರೀಮನ್ ಬಾಸ್ ಗಿಟಾರು. ಡೇವ್ ಮೆಲ್ಲೋ ಡ್ರಮ್. ತಂಡದ ಹೆಸರು ಮಾತ್ರ ಭೀಕರವಾದದ್ದು. 1952ರಲ್ಲಿ ಅಮೆರಿಕ ಸರಕಾರವು ಮಾರ್ಷಲ್ ದ್ವೀಪಗಳಲ್ಲಿ ನಡೆಸಿದ ಪರಮಾಣು ಸ್ಫೋಟಗಳ ಗುಪ್ತನಾಮವದು.

1988ರಲ್ಲಿ ಆರು ಹಾಡುಗಳ ಒಂದು ಸಣ್ಣ ಮುದ್ರಿಕೆ, 1989ರಲ್ಲಿ ಹತ್ತೊಂಬತ್ತು ಹಾಡುಗಳ 'ಎನರ್ಜಿ' ಹೊರಬಂದವು. ಆ ವರ್ಷದ ಮೇ ತಿಂಗಳಲ್ಲಿಯೇ ತಂಡ ಒಡೆಯಿತು. 1991ರಲ್ಲಿ ಅವರ 27 ಹಾಡುಗಳು ಒಂದೇ ಸಿ.ಡಿ.ಯಲ್ಲಿ ದೊರೆಯುವಂತಾದವು. ಆದುದರಿಂದ ಇಂದಿನ ಅಭಿಮಾನಿಗಳಲ್ಲಿ ಬಹುಮಂದಿ ಈ ತಂಡವನ್ನು ಕಣ್ಣಾರೆ ಕಂಡವರಲ್ಲ. ಅದು ಇಲ್ಲವಾದ ಮೇಲೆ ಅದನ್ನು ಪ್ರೀತಿಸಿದವರು.

ಎರಡು ಕುಲಗಳ ಕೂಸು

ವಾದದ ಮೂಲ ತಿಳಿಯಬೇಕಾದರೆ ಈ ಸಂಗೀತದ ಹುಟ್ಟನ್ನು ನೋಡಬೇಕು. 'ಸ್ಕಾ' ಎಂಬುದು 1950ರ ದಶಕದ ಕೊನೆಗೆ ಜಮೈಕಾ ದ್ವೀಪದಲ್ಲಿ ಮೂಡಿದ ಕುಣಿತದ ಸಂಗೀತ. ತಾಳದ ಪೆಟ್ಟು ಬೀಳುವ ಕಡೆ ಸುಮ್ಮನಿದ್ದು, ಎರಡು ಪೆಟ್ಟುಗಳ ನಡುವಿನ ಎಡೆಯಲ್ಲಿ ಗಿಟಾರನ್ನು ಚಟಕ್ಕನೆ ಮೀಟುವುದು ಅದರ ಗುಟ್ಟು. ಕೇಳುವವನ ಕಾಲು ತಾನಾಗಿ ಎದ್ದುಬಿಡುತ್ತದೆ. 'ಪಂಕ್' 1970ರ ದಶಕದಲ್ಲಿ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಬೆಳೆದದ್ದು. ವೇಗ, ಕೂಗು, ಸಿಟ್ಟು ಅದರ ಸ್ವಭಾವ. ಇಂಗ್ಲೆಂಡಿನ ಕಾವೆಂಟ್ರಿಯ ತರುಣರು 1979ರ ಸುಮಾರಿಗೆ ಇವೆರಡನ್ನೂ ಹತ್ತಿರ ತಂದಿದ್ದರು. ಬರ್ಕ್ಲಿಯ ನಾಲ್ವರು ಅದನ್ನು ಇನ್ನಷ್ಟು ಒರಟಾಗಿ, ಇನ್ನಷ್ಟು ವೇಗವಾಗಿ ಬೆಸೆದರು. ಹೀಗಾಗಿ 'ಯಾವ ಹಾಡು ಶ್ರೇಷ್ಠ?' ಎಂದು ಕೇಳಿದರೆ, 'ಈ ಕೂಸು ತಾಯಿಯನ್ನು ಹೋಲುತ್ತದೆಯೋ ತಂದೆಯನ್ನೋ?' ಎಂದು ಕೇಳಿದಂತೆಯೇ ಸರಿ.

ಮೂರು ಪಕ್ಷಗಳು

ಮೊದಲನೆಯ ಪಕ್ಷದವರು 'ನಾಲೆಜ್' ಎಂಬ ಹಾಡನ್ನು ಎತ್ತಿಹಿಡಿಯುತ್ತಾರೆ. ಎರಡು ನಿಮಿಷವೂ ತುಂಬದ ಹಾಡು ಅದು. ಮುಂದೇನಾಗುವೆಯೆಂದು ಈಗಲೇ ನಿಶ್ಚಯಿಸೆಂದು ಒತ್ತಾಯಿಸುವ ಲೋಕಕ್ಕೆ, ತನಗೇನೂ ತಿಳಿಯದೆಂದು ತರುಣನೊಬ್ಬ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವುದೇ ಅದರ ವಸ್ತು. ಕಾಲೇಜಿಗೆ ಹೋಗುವ ಮಕ್ಕಳಿರುವ ಯಾವ ಮನೆಗೂ ಈ ಮಾತು ಹೊಸದಲ್ಲ.

ಎರಡನೆಯ ಪಕ್ಷದವರ ಆಕ್ಷೇಪ ಬಲವಾದದ್ದು. 'ನಾಲೆಜ್' ಬರಿಯ ಪಂಕ್. ಅದರಲ್ಲಿ ಜಮೈಕಾ ಎಲ್ಲಿದೆ? ಅದನ್ನೇ ತಂಡದ ಗುರುತೆಂದರೆ ಅರ್ಧ ಮುಖವನ್ನು ಮುಚ್ಚಿದಂತಾಗಲಿಲ್ಲವೇ? ಅವರ ಆಯ್ಕೆ 'ಸೌಂಡ್ ಸಿಸ್ಟಮ್'. ಜಮೈಕಾದ ಬೀದಿಗಳಲ್ಲಿ ದೊಡ್ಡ ಧ್ವನಿವರ್ಧಕಗಳನ್ನು ಹೂಡಿ ಜನರನ್ನು ಕುಣಿಸುತ್ತಿದ್ದ ವ್ಯವಸ್ಥೆಗೆ ಅದೇ ಹೆಸರು. ಕುಸಿದ ಮನಸ್ಸನ್ನು ಸಂಗೀತವು ಎತ್ತಿ ನಿಲ್ಲಿಸುತ್ತದೆಂಬುದು ಹಾಡಿನ ಭಾವ.

ಮೂರನೆಯವರು 'ಯೂನಿಟಿ'ಯ ಪರ. ನಮ್ಮನಮ್ಮಲ್ಲೇ ಹೊಡೆದಾಟ ಬೇಡ, ಒಂದಾಗೋಣ ಎನ್ನುವ ಹಾಡು. ಪಂಕ್ ಕೂಟಗಳಲ್ಲಿ ರಕ್ತ ಹರಿಯುತ್ತಿದ್ದ ಆ ದಿನಗಳಲ್ಲಿ ಇದು ಬರಿಯ ಉಪದೇಶವಾಗಿರಲಿಲ್ಲ. ಎದುರಿಗೆ ನಿಂತವರಿಗೇ ನೇರವಾಗಿ ಹೇಳಿದ ಮಾತಾಗಿತ್ತು. 'ಟೇಕ್ ವಾರ್ನಿಂಗ್', 'ಬ್ಯಾಡ್ ಟೌನ್'ಗಳಿಗೂ ತಮ್ಮ ತಮ್ಮ ವಕೀಲರು ಇಲ್ಲದಿಲ್ಲ.

ಬೇರೆಯವರ ಬಾಯಲ್ಲಿ

ಈ ವಾದವನ್ನು ಹೆಚ್ಚು ತೊಡಕಾಗಿಸಿದವರು ಹೊರಗಿನವರಲ್ಲ, ಅದೇ ಗಿಲ್ಮನ್ ರಸ್ತೆಯ ಗೆಳೆಯರು. ಆಗಿನ್ನೂ ಹೆಸರಿಲ್ಲದಿದ್ದ 'ಗ್ರೀನ್ ಡೇ' ತಂಡವು 1990ರಲ್ಲಿ 'ನಾಲೆಜ್' ಹಾಡನ್ನು ತನ್ನ 'ಸ್ಲ್ಯಾಪಿ' ಮುದ್ರಿಕೆಯಲ್ಲಿ ಹಾಡಿತು. ಮುಂದೆ ಆ ತಂಡ ಲೋಕಪ್ರಸಿದ್ಧವಾಯಿತು. ಹಾಡೂ ಅದರ ಬೆನ್ನೇರಿ ಲೋಕ ಸುತ್ತಿತು. ಆದುದರಿಂದ 'ನಾಲೆಜ್'ನ ಕೀರ್ತಿ ಎರವಲು ಕೀರ್ತಿಯೆಂದು ಉಳಿದ ಪಕ್ಷದವರು ಹಂಗಿಸುತ್ತಾರೆ.

ಆದರೆ ಆ ಹಾಡು ಹರಡಿದ ಬಗೆಯನ್ನೂ ಗಮನಿಸಬೇಕು. ಗ್ರೀನ್ ಡೇ ತಂಡದವರು ತಮ್ಮ ಎಷ್ಟೋ ಕಚೇರಿಗಳಲ್ಲಿ ಇದನ್ನು ನುಡಿಸುವಾಗ ಪ್ರೇಕ್ಷಕರಿಂದ ಅಪರಿಚಿತರನ್ನು ವೇದಿಕೆಗೆ ಕರೆದು, ತಮ್ಮ ವಾದ್ಯಗಳನ್ನೇ ಅವರ ಕೈಗಿತ್ತಿದ್ದಾರೆ. ಸಾವಿರಾರು ಜನರೆದುರು ಅಂಜುತ್ತಾ ನಿಂತ ಹುಡುಗನೋ ಹುಡುಗಿಯೋ ಕ್ಷಣಮಾತ್ರದಲ್ಲಿ ವಾದಕರಾಗುತ್ತಾರೆ. ಹಾಡು ಸರಳವಾದದ್ದರಿಂದ ಇದು ಸಾಧ್ಯವಾಯಿತು. ಕೇಳುವವನಿಗೂ ಹಾಡುವವನಿಗೂ ನಡುವೆ ಗೋಡೆಯಿಲ್ಲವೆಂಬ ಗಿಲ್ಮನ್ ರಸ್ತೆಯ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ಉಳಿಸಿದ ಹಾಡು ಮತ್ತೊಂದಿಲ್ಲ. ಎರವಲು ಕೀರ್ತಿಯೆಂಬ ಹಂಗು ಇಲ್ಲಿ ಸೋಲುತ್ತದೆ.

ನಾದವನ್ನೇ ಅಳತೆಗೋಲಾಗಿ ಹಿಡಿದವರು 'ಸೌಂಡ್ ಸಿಸ್ಟಮ್' ಎನ್ನಲಿ, ಸಂದೇಶವನ್ನು ಹಿಡಿದವರು 'ಯೂನಿಟಿ' ಎನ್ನಲಿ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ತಂಡ ಅಳಿದ ಮೇಲೂ ಅದರ ನಡತೆಯನ್ನು ಜೀವಂತವಾಗಿಟ್ಟ ಹಾಡು ಯಾವುದೆಂದು ಕೇಳಿದರೆ 'ನಾಲೆಜ್'ನ ತಕ್ಕಡಿಯೇ ತೂಗುತ್ತದೆ.

ಈ ತಂಡವನ್ನು ಹೊಸದಾಗಿ ಕೇಳುವವರು ಯಾವ ಪಕ್ಷವನ್ನೂ ಸೇರಬೇಕಾಗಿಲ್ಲ. 'ಎನರ್ಜಿ'ಯ ಮೊದಲನೆಯ ಹಾಡು 'ನಾಲೆಜ್', ಎರಡನೆಯದು 'ಸೌಂಡ್ ಸಿಸ್ಟಮ್'. ಎರಡನ್ನೂ ಕೇಳಿ ಮುಗಿಸಲು ಸುಮಾರು 4 ನಿಮಿಷ ಸಾಕು. ಅಷ್ಟರಲ್ಲಿ ಪಂಕ್ ಒಮ್ಮೆ ಕೂಗಿರುತ್ತದೆ, ಜಮೈಕಾ ಒಮ್ಮೆ ಕುಣಿಸಿರುತ್ತದೆ. ತೀರ್ಪು ಕೇಳುವವರಿಗೆ ಬಿಟ್ಟದ್ದು.